ಟೆಂಡರ್ ಪೆಟ್ಟಿಗೆಯಿಂದ ಕಂಪ್ಯೂಟರ್ ಪರದೆಗೆ: ಸರ್ಕಾರಿ ಖರೀದಿಗೊಂದು ಸಮಾನ ಭಾಷೆ



ಸರ್ಕಾರಿ ಶಾಲೆಯ ಬೆಂಚು, ಪ್ರಯೋಗಾಲಯದ ಬ್ಯೂರೆಟ್ಟು, ಬಿಸಿಯೂಟದ ತೊಗರಿಬೇಳೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಜ್ವರದ ಮಾತ್ರೆ, ಊರಿನ ಬೀದಿದೀಪ. ಇವುಗಳಲ್ಲಿ ಸಮಾನವಾದ ಒಂದು ಅಂಶವಿದೆ. ಇವನ್ನೆಲ್ಲ ಸಾರ್ವಜನಿಕರ ಹಣದಿಂದ ಕೊಳ್ಳಲಾಗಿದೆ. ಅಂದರೆ ನಿಮ್ಮ ತಂದೆತಾಯಿಯರು ಕಟ್ಟಿದ ತೆರಿಗೆಯಿಂದ, ನೀವೇ ಅಂಗಡಿಯಲ್ಲಿ ಪೆನ್ನು ಕೊಂಡಾಗ ಸೇರಿಸಿ ಕೊಟ್ಟ ತೆರಿಗೆಯಿಂದ. ಹಾಗಾಗಿ ಸರ್ಕಾರ ಹೇಗೆ ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ, ಎಷ್ಟಕ್ಕೆ ಕೊಳ್ಳುತ್ತದೆ ಎಂದು ಕೇಳುವ ಹಕ್ಕು ನಮಗೆಲ್ಲರಿಗೂ ಇದೆ.

ಈ ಕೊಳ್ಳುವ ಕೆಲಸಕ್ಕೆ ಕಾನೂನಿನ ಭಾಷೆಯಲ್ಲಿ 'ಸಂಗ್ರಹಣೆ' ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಕಾನೂನಿದೆ. ಇದೇ ಕೆಲಸವನ್ನು ಕಂಪ್ಯೂಟರ್ ಜಾಲದ ಮೂಲಕ ಮಾಡಿದರೆ ಅದು ವಿದ್ಯುನ್ಮಾನ ಸಂಗ್ರಹಣೆ, ಅಥವಾ ಎಲ್ಲರೂ ಹೇಳುವಂತೆ ಇ-ಪ್ರೊಕ್ಯೂರ್‌ಮೆಂಟ್. ಕಂಪ್ಯೂಟರು ತಂದಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೇ? ಇಲ್ಲ. ಕಂಪ್ಯೂಟರುಗಳು ಒಂದಕ್ಕೊಂದು ಮಾತನಾಡಲು ಒಪ್ಪಿತವಾದ ನಿಯಮಗಳು ಬೇಕು. ಆ ನಿಯಮಗಳೇ ಮಾನಕಗಳು. ಇವನ್ನು ರೂಪಿಸಲು ಹೇಗೆ ಯೋಜನೆ ಹಾಕಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊಹರು ಹಾಕಿದ ಲಕೋಟೆ

ಮೊದಲು ಕಾಗದದ ಟೆಂಡರನ್ನು ನೆನಪಿಸಿಕೊಳ್ಳಿ. ಇಲಾಖೆಯು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ. ಆಸಕ್ತರು ಅರ್ಜಿ ನಮೂನೆ ಕೊಂಡು, ಇಡುಗಂಟು ಕಟ್ಟಿ, ತಮ್ಮ ದರವನ್ನು ಬರೆದು, ಲಕೋಟೆಗೆ ಮೊಹರು ಹಾಕಿ, ಕಚೇರಿಯ ಟೆಂಡರ್ ಪೆಟ್ಟಿಗೆಗೆ ಹಾಕುತ್ತಾರೆ. ಅನೇಕ ಸಲ ಎರಡು ಲಕೋಟೆಗಳಿರುತ್ತವೆ. ಒಂದರಲ್ಲಿ ಅನುಭವ, ಸಾಮರ್ಥ್ಯ, ಸಾಮಗ್ರಿಯ ಗುಣಮಟ್ಟದ ವಿವರ; ಇನ್ನೊಂದರಲ್ಲಿ ದರ. ಮೊದಲನೆಯದರಲ್ಲಿ ಅರ್ಹರಾದವರ ಎರಡನೆಯ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ.

ಈ ಪದ್ಧತಿಯ ಹಿಂದಿನ ತತ್ತ್ವ ಒಳ್ಳೆಯದು. ಎಲ್ಲರಿಗೂ ಒಂದೇ ಗಡುವು, ಗಡುವಿಗೆ ಮೊದಲು ಯಾರ ದರವೂ ಯಾರಿಗೂ ತಿಳಿಯಬಾರದು, ತೆರೆದ ಮೇಲೆ ಎಲ್ಲರಿಗೂ ತಿಳಿಯಬೇಕು. ಆದರೆ ಲಕೋಟೆ ಹಾಕಲು ಕಚೇರಿಗೇ ಹೋಗಬೇಕಾದಾಗ, ದಾರಿಯಲ್ಲಿ ತಡೆಯುವವರಿದ್ದರೆ ದೂರದ ಊರಿನ ಸಣ್ಣ ತಯಾರಕ ಏನು ಮಾಡಬೇಕು? ಅರ್ಜಿ ನಮೂನೆ ಮುಗಿದಿದೆ ಎಂದು ಕೌಂಟರಿನಲ್ಲಿ ಹೇಳಿದರೆ? ಲಕೋಟೆಯನ್ನು ಹಬೆ ಹಿಡಿದು ಬಿಡಿಸಿದರೆ? ತತ್ತ್ವ ಸರಿಯಾಗಿದ್ದರೂ ಸಾಧನ ದುರ್ಬಲವಾಗಿತ್ತು.

ಲಕೋಟೆಯ ಬದಲು ಗಣಿತ

ವಿದ್ಯುನ್ಮಾನ ಪದ್ಧತಿಯಲ್ಲಿ ಮೊಹರಿನ ಕೆಲಸವನ್ನು ಗಣಿತ ಮಾಡುತ್ತದೆ. ಇದರಲ್ಲಿ ಜೋಡಿ ಕೀಲಿಗಳಿರುತ್ತವೆ. ಒಂದು ಬಹಿರಂಗ ಕೀಲಿ, ಇನ್ನೊಂದು ಗುಪ್ತ ಕೀಲಿ. ಟೆಂಡರು ತೆರೆಯುವ ಅಧಿಕಾರಿಯ ಬಹಿರಂಗ ಕೀಲಿಯಿಂದ ನಿಮ್ಮ ದರವನ್ನು ಗೂಢಲಿಪಿಗೆ ತಿರುಗಿಸಿದರೆ, ಅದನ್ನು ಆ ಅಧಿಕಾರಿಯ ಗುಪ್ತ ಕೀಲಿಯಿಂದ ಮಾತ್ರ ಬಿಡಿಸಬಹುದು. ಒಬ್ಬರ ಕೈಯಲ್ಲೇ ಅಧಿಕಾರ ಉಳಿಯದಂತೆ, ಇಬ್ಬರು ಅಥವಾ ಹೆಚ್ಚು ಅಧಿಕಾರಿಗಳ ಕೀಲಿಗಳು ಸೇರಿದರೆ ಮಾತ್ರ ತೆರೆಯುವಂತೆ ವ್ಯವಸ್ಥೆ ಮಾಡಬಹುದು.

ಸಹಿಗೂ ಹೀಗೆಯೇ. ಕಡತದಿಂದ ಒಂದು ಚಿಕ್ಕ 'ಬೆರಳಚ್ಚು' ಸಂಖ್ಯೆಯನ್ನು ಲೆಕ್ಕ ಹಾಕಿ, ಅದನ್ನು ಕಳಿಸುವವರ ಗುಪ್ತ ಕೀಲಿಯಿಂದ ಸಹಿ ಮಾಡುತ್ತಾರೆ. ಕಡತದಲ್ಲಿ ಒಂದು ಅಂಕಿ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ, ತಿದ್ದಿದ್ದು ಬಯಲಾಗುತ್ತದೆ. ಭಾರತದಲ್ಲಿ ಇಂಥ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಬಂದದ್ದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರಿಂದ.

ಆದರೆ ಗಣಿತ ಸರಿಯಿದ್ದರೆ ಸಾಲದು. ಅದನ್ನು ಅಳವಡಿಸಿದ ರೀತಿಯೂ ಸರಿಯಿರಬೇಕು. 2018ರಲ್ಲಿ ಮಧ್ಯಪ್ರದೇಶದ ಇ-ಟೆಂಡರ್ ವ್ಯವಸ್ಥೆಯಲ್ಲಿ ಸಲ್ಲಿಸಿದ ಬಿಡ್ಡುಗಳನ್ನು ತಿದ್ದಲಾಗಿದೆ ಎಂಬ ಆರೋಪ ಹೊರಬಿದ್ದಿತು. 2019ರಲ್ಲಿ ಪ್ರಕರಣ ದಾಖಲಾಯಿತು. ಕಂಪ್ಯೂಟರಿನಲ್ಲಿದೆ ಎಂದ ಮಾತ್ರಕ್ಕೆ ನಂಬಬೇಕಾಗಿಲ್ಲ, ಪರೀಕ್ಷಿಸಲು ಸಾಧ್ಯವಿರಬೇಕು. ಯಾವುದನ್ನು, ಹೇಗೆ ಪರೀಕ್ಷಿಸಬೇಕು ಎಂದು ಹೇಳುವುದೂ ಮಾನಕದ ಕೆಲಸವೇ.

ಮಾನಕ ಎಂದರೆ ಏನು?

ನನ್ನ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1982ರಲ್ಲಿ ಭಾರತದಲ್ಲಿ ವರ್ಣ ದೂರದರ್ಶನ ಆರಂಭವಾದಾಗ ನಮ್ಮ ದೇಶ 'ಪಾಲ್' ಎಂಬ ಪದ್ಧತಿಯನ್ನು ಆರಿಸಿಕೊಂಡಿತು. ಒಂದು ಚಿತ್ರಕ್ಕೆ 625 ಗೆರೆಗಳು, ಒಂದು ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ ಪದ್ಧತಿಯಲ್ಲಿ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ನಮ್ಮ ಕ್ಯಾಮೆರಾವನ್ನು ಒಂದು ಕಂಪನಿ, ಪ್ರಸಾರ ಯಂತ್ರವನ್ನು ಇನ್ನೊಂದು ಕಂಪನಿ, ನಿಮ್ಮ ಮನೆಯ ಟಿ.ವಿ.ಯನ್ನು ಮತ್ತೊಂದು ಕಂಪನಿ ತಯಾರಿಸಿದ್ದರೂ ಚಿತ್ರ ಮೂಡುತ್ತಿತ್ತು. ಏಕೆಂದರೆ ಮೂವರೂ ಒಂದೇ ಒಪ್ಪಂದಕ್ಕೆ ಬದ್ಧರಾಗಿದ್ದರು. ಅಮೆರಿಕದ ಪದ್ಧತಿಯಲ್ಲಿ ಮುದ್ರಿಸಿದ ಕ್ಯಾಸೆಟ್ಟನ್ನು ಬರೀ ಪಾಲ್ ಯಂತ್ರಕ್ಕೆ ಹಾಕಿದರೆ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೆ? 2016ರಲ್ಲಿ ಬಂದ ಯು.ಪಿ.ಐ. ನೋಡಿ. ಅಂಗಡಿಯವರ ಖಾತೆ ಒಂದು ಬ್ಯಾಂಕಿನಲ್ಲಿ, ನಿಮ್ಮ ಅಣ್ಣನ ಖಾತೆ ಇನ್ನೊಂದರಲ್ಲಿ, ಫೋನಿನಲ್ಲಿರುವ ಆ್ಯಪ್ ಮೂರನೆಯವರದು. ಆದರೂ ಹಣ ತಲುಪುತ್ತದೆ. ಸರ್ಕಾರಿ ಖರೀದಿಯಲ್ಲೂ ಇಂಥದೇ ಸೌಕರ್ಯ ಬೇಕು ಎಂಬುದೇ ಮಾನಕಗಳ ಗುರಿ.

ಒಂದು ಪೆಟ್ಟಿಗೆ ಸೀಮೆಸುಣ್ಣ

ಸಣ್ಣದೊಂದು ಲೆಕ್ಕ ಮಾಡೋಣ. ಒಂದು ತಾಲ್ಲೂಕಿನ ಶಾಲೆಗಳಿಗೆ 10,000 ಸೀಮೆಸುಣ್ಣದ ಕಡ್ಡಿಗಳು ಬೇಕು ಎಂದಿಟ್ಟುಕೊಳ್ಳಿ. 'ಅ' ಎಂಬ ವ್ಯಾಪಾರಿ ಪೆಟ್ಟಿಗೆಗೆ 80 ರೂಪಾಯಿ ಎನ್ನುತ್ತಾರೆ, 'ಆ' ಎಂಬುವರು 100 ರೂಪಾಯಿ ಎನ್ನುತ್ತಾರೆ. ಕಂಪ್ಯೂಟರಿಗೆ ಬರೀ 'ಪೆಟ್ಟಿಗೆ' ಎಂದು ತಿಳಿಸಿದ್ದರೆ ಅದು 'ಅ' ಅವರನ್ನು ಆರಿಸುತ್ತದೆ. ಆದರೆ 'ಅ' ಅವರ ಪೆಟ್ಟಿಗೆಯಲ್ಲಿ 100 ಕಡ್ಡಿ, 'ಆ' ಅವರದರಲ್ಲಿ 144 ಕಡ್ಡಿ ಇದ್ದರೆ? ಮೊದಲನೆಯದು ಕಡ್ಡಿಗೆ 80 ಪೈಸೆ. ಎರಡನೆಯದು ಸುಮಾರು 69 ಪೈಸೆ. 'ಅ' ಅವರಿಂದ 100 ಪೆಟ್ಟಿಗೆ ಕೊಂಡರೆ 8,000 ರೂಪಾಯಿ. 'ಆ' ಅವರಿಂದ 70 ಪೆಟ್ಟಿಗೆ ಕೊಂಡರೆ 7,000 ರೂಪಾಯಿ, ಮೇಲೆ 80 ಕಡ್ಡಿ ಹೆಚ್ಚಿಗೆ. ಯಾರೂ ಮೋಸ ಮಾಡಲಿಲ್ಲ. ಅಳತೆಯ ಮಾನವನ್ನು ಸ್ಪಷ್ಟಪಡಿಸದೆ ಹೋದದ್ದಕ್ಕೇ ಸಾವಿರ ರೂಪಾಯಿ ನಷ್ಟ. ಇದನ್ನೇ ಇಡೀ ರಾಜ್ಯದ ಔಷಧಿಗೆ, ಸಿಮೆಂಟಿಗೆ, ಕಬ್ಬಿಣಕ್ಕೆ ಅನ್ವಯಿಸಿ ನೋಡಿ.

ಆದ್ದರಿಂದಲೇ ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗವು ಅಳತೆಯ ಮಾನಗಳಿಗೆ ಸಂಕೇತಗಳ ಪಟ್ಟಿ ಮಾಡಿದೆ. ಕಿಲೋಗ್ರಾಂಗೆ ಕೆ.ಜಿ.ಎಂ., ಲೀಟರಿಗೆ ಎಲ್.ಟಿ.ಆರ್., ಡಜನ್ನಿಗೆ ಡಿ.ಝಡ್.ಎನ್. ದಿನಾಂಕಕ್ಕೂ ಮಾನಕವಿದೆ. 03/04/2025 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಐ.ಎಸ್.ಒ. 8601 ಎಂಬ ಮಾನಕದಂತೆ 2025-04-03 ಎಂದು ಬರೆದರೆ ಗೊಂದಲವಿಲ್ಲ. ವಸ್ತುಗಳ ವರ್ಗೀಕರಣಕ್ಕೂ ಅಂಕಿಗಳಿವೆ. ನಮ್ಮ ಜಿ.ಎಸ್.ಟಿ. ಬಿಲ್ಲಿನಲ್ಲಿ ಕಾಣುವ ಎಚ್.ಎಸ್.ಎನ್. ಸಂಖ್ಯೆಯಲ್ಲಿ 9401 ಎಂದರೆ ಕುಳಿತುಕೊಳ್ಳುವ ಆಸನಗಳು, 9403 ಎಂದರೆ ಇತರ ಪೀಠೋಪಕರಣಗಳು.

ಮಾನಕ ರೂಪಿಸುವ ಯೋಜನೆ

ಇಂಥ ಮಾನಕಗಳನ್ನು ಒಬ್ಬ ತಜ್ಞ ಕೋಣೆಯಲ್ಲಿ ಕುಳಿತು ಬರೆದುಬಿಡಲು ಆಗುವುದಿಲ್ಲ. ಅದಕ್ಕೆ ಹಂತಹಂತವಾದ ಯೋಜನೆ ಬೇಕು. ಜಗತ್ತಿನ ಅನುಭವದಿಂದ ಈ ಹಂತಗಳನ್ನು ಗುರುತಿಸಬಹುದು.

ಮೊದಲನೆಯದು, ವ್ಯಾಪ್ತಿಯನ್ನು ನಿರ್ಧರಿಸುವುದು. ಖರೀದಿ ಎಂಬುದು ಉದ್ದನೆಯ ಸರಪಳಿ. ಪ್ರಕಟಣೆ, ಬಿಡ್ಡು, ಮೌಲ್ಯಮಾಪನ, ಆದೇಶ, ಸರಬರಾಜು, ಬಿಲ್ಲು, ಪಾವತಿ, ಹೀಗೆ. ಎಲ್ಲವನ್ನೂ ಒಮ್ಮೆಗೇ ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಡೆನ್ಮಾರ್ಕ್ ದೇಶ ಬಿಲ್ಲಿನಿಂದ ಆರಂಭಿಸಿತು. 2005ರ ಫೆಬ್ರವರಿ 1ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ವಿದ್ಯುನ್ಮಾನ ಬಿಲ್ಲೇ ಬರಬೇಕೆಂಬ ನಿಯಮ ಜಾರಿಗೆ ಬಂತು.

ಎರಡನೆಯದು, ಕೆಲಸದ ನಕ್ಷೆ. ಕಡತ ಯಾರಿಂದ ಯಾರಿಗೆ ಹೋಗುತ್ತದೆ, ಎಲ್ಲಿ ಯಾರ ಒಪ್ಪಿಗೆ ಬೇಕು, ಯಾವ ಮಾಹಿತಿ ಕಡ್ಡಾಯ, ಯಾವುದು ಐಚ್ಛಿಕ ಎಂದು ಮೊದಲು ಬರೆದುಕೊಳ್ಳಬೇಕು. ತಂತ್ರಾಂಶದ ಮಾತು ಆಮೇಲೆ. ಕಾಗದದ ಅವ್ಯವಸ್ಥೆಯನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿದರೆ ಸಿಗುವುದು ವೇಗದ ಅವ್ಯವಸ್ಥೆ ಮಾತ್ರ.

ಮೂರನೆಯದು, ಮೇಜಿನ ಸುತ್ತ ಯಾರು ಕೂರಬೇಕು ಎಂಬ ಪ್ರಶ್ನೆ. ಕೊಳ್ಳುವ ಇಲಾಖೆ, ಮಾರುವ ವ್ಯಾಪಾರಿ, ಲೆಕ್ಕ ಪರಿಶೋಧಕ, ಕಾನೂನು ತಜ್ಞ, ತಂತ್ರಾಂಶ ಎಂಜಿನಿಯರು, ಎಲ್ಲರೂ ಬೇಕು. ದೊಡ್ಡ ಕಂಪನಿಗಳು ಮಾತ್ರ ಕುಳಿತರೆ ಮಾನಕ ಅವರ ಅನುಕೂಲಕ್ಕೆ ತಕ್ಕಂತೆ ರೂಪುಗೊಳ್ಳುತ್ತದೆ. ಎರಡು ಯಂತ್ರ ಇಟ್ಟುಕೊಂಡು ಬೆಂಚು ತಯಾರಿಸುವವರ ಪ್ರತಿನಿಧಿಯೂ ಅಲ್ಲಿರಬೇಕು.

ನಾಲ್ಕನೆಯದು, ಈಗಾಗಲೇ ಇರುವುದನ್ನು ಬಳಸಿಕೊಳ್ಳುವುದು. ವಾಣಿಜ್ಯ ಕಡತಗಳ ವಿನಿಮಯಕ್ಕೆ 1987ರಷ್ಟು ಹಿಂದೆಯೇ ವಿಶ್ವಸಂಸ್ಥೆಯ ಆಶ್ರಯದಲ್ಲಿ 'ಎಡಿಫ್ಯಾಕ್ಟ್' ಎಂಬ ಪದ್ಧತಿ ಬಂದಿತ್ತು. ಅದನ್ನು ಅಳವಡಿಸುವ ವೆಚ್ಚ ಸಣ್ಣವರಿಗೆ ಹೊರೆಯಾಗಿತ್ತು. 1998ರಲ್ಲಿ ಎಕ್ಸ್.ಎಂ.ಎಲ್. ಎಂಬ ಗುರುತು ಭಾಷೆ ಬಂದ ಮೇಲೆ ದಾರಿ ಸುಲಭವಾಯಿತು. ಎಕ್ಸ್.ಎಂ.ಎಲ್. ರೂಪಿಸಿದ ತಂಡದ ಮುಂದಾಳಾಗಿದ್ದ ಜಾನ್ ಬೋಸಾಕ್ ಅವರ ನೇತೃತ್ವದಲ್ಲಿ ಓಯಸಿಸ್ ಸಂಸ್ಥೆಯ ಸಮಿತಿಯೊಂದು 2001ರಿಂದ ಯು.ಬಿ.ಎಲ್. ಎಂಬ ಮಾನಕವನ್ನು ರೂಪಿಸತೊಡಗಿತು. ಅದು ಸೊನ್ನೆಯಿಂದ ಆರಂಭಿಸಲಿಲ್ಲ; ಅದಾಗಲೇ ಇದ್ದ ಎಕ್ಸ್.ಸಿ.ಬಿ.ಎಲ್. ಎಂಬ ಪದಕೋಶವನ್ನು ಬುನಾದಿಯಾಗಿ ಇಟ್ಟುಕೊಂಡಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು ಎಂಬುದು ಅದರ ಮುಖ್ಯ ಗುಣ.

ಐದನೆಯದು, ಕರಡು ಮತ್ತು ಪರೀಕ್ಷೆ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು; ಬಂದ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಕೊಡಬೇಕು. ಆನಂತರ ಎರಡು ಬಗೆಯ ಪರೀಕ್ಷೆಗಳು ನಡೆಯಬೇಕು. ಒಂದು ತಂತ್ರಾಂಶ ಮಾನಕದ ನಿಯಮ ಪಾಲಿಸುತ್ತಿದೆಯೇ ಎಂಬುದು ಒಂದು ಪರೀಕ್ಷೆ. ಬೇರೆ ಬೇರೆಯವರು ಮಾಡಿದ ಎರಡು ತಂತ್ರಾಂಶಗಳು ಪರಸ್ಪರ ಅರ್ಥ ಮಾಡಿಕೊಳ್ಳುತ್ತವೆಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತೇರ್ಗಡೆಯಾದರೂ ಎರಡನೆಯದರಲ್ಲಿ ಸೋಲಬಹುದು. ಇಬ್ಬರು ವ್ಯಾಕರಣ ಬಲ್ಲವರಾದರೂ ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಇಟ್ಟುಕೊಂಡರೆ ಮಾತುಕತೆ ಕೆಡುವುದಿಲ್ಲವೇ, ಹಾಗೆ.

ಆರನೆಯದು, ಆವೃತ್ತಿಗಳ ನಿರ್ವಹಣೆ. ಯು.ಬಿ.ಎಲ್.ನ ಮೊದಲ ಆವೃತ್ತಿ 2004ರಲ್ಲಿ ಬಂತು. 2006ರಲ್ಲಿ ಬಂದ 2.0 ಆವೃತ್ತಿ ಅದಕ್ಕೆ ಹೊಂದಿಕೆಯಾಗುವಂತಿರಲಿಲ್ಲ. ಹಿಂದಿನ ರೂಪದ ಮೇಲೆ ವ್ಯವಸ್ಥೆ ಕಟ್ಟಿದವರು ಮತ್ತೆ ಕಟ್ಟಬೇಕಾಯಿತು. 2013ರಲ್ಲಿ 2.1 ಬಂದಾಗ ಹಾಗಾಗದಂತೆ ನೋಡಿಕೊಂಡರು. ಕಡತದ ಬಗೆಗಳು 31ರಿಂದ 65ಕ್ಕೆ ಏರಿದರೂ ಹಳೆಯ ಕಡತಗಳು ಹೊಸ ಆವೃತ್ತಿಯಲ್ಲೂ ಸರಿಯಾಗಿಯೇ ಉಳಿದವು. 2015ರಲ್ಲಿ ಇದು ಐ.ಎಸ್.ಒ. ಮಾನಕವೂ ಆಯಿತು.

ಏಳನೆಯದು, ಬದಲಾವಣೆಯ ಕಾಲವನ್ನು ದಾಟುವ ಸೇತುವೆ. ಡೆನ್ಮಾರ್ಕಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ಒಂದು ಉಪಾಯ ಮಾಡಿದ್ದರು. ಅವರು ಕಾಗದದ ಬಿಲ್ಲನ್ನೇ ನಿಗದಿತ ಕೇಂದ್ರಕ್ಕೆ ಕಳಿಸಿದರೆ, ಅಲ್ಲಿ ಅದನ್ನು ಸ್ಕ್ಯಾನ್ ಮಾಡಿ ವಿದ್ಯುನ್ಮಾನ ರೂಪಕ್ಕೆ ತಿರುಗಿಸಿ ಕಚೇರಿಗೆ ತಲುಪಿಸುತ್ತಿದ್ದರು. ಹೊಸ ಪದ್ಧತಿ ಬಂತೆಂದು ಯಾರೂ ವ್ಯಾಪಾರ ಕಳೆದುಕೊಳ್ಳಬಾರದು ಎಂಬ ಎಚ್ಚರ ಅದು.

ನಾಲ್ಕು ಮೂಲೆಗಳ ಜಾಲ

ಕಡತದ ರೂಪ ಒಂದೇ ಆದರೆ ಸಾಕೇ? ಅದು ತಲುಪುವ ದಾರಿಯೂ ಬೇಕು. ಯೂರೋಪಿನಲ್ಲಿ 2008ರಲ್ಲಿ ಆರಂಭವಾದ 'ಪೆಪ್ಪೋಲ್' ಯೋಜನೆ ಇದಕ್ಕೆ ನಾಲ್ಕು ಮೂಲೆಗಳ ಮಾದರಿಯನ್ನು ಬಳಸಿತು. ಮಾರುವವರು ಒಂದು ಮೂಲೆ, ಅವರ ಸೇವಾ ಸಂಸ್ಥೆ ಎರಡನೆಯದು, ಕೊಳ್ಳುವವರ ಸೇವಾ ಸಂಸ್ಥೆ ಮೂರನೆಯದು, ಕೊಳ್ಳುವವರು ನಾಲ್ಕನೆಯದು. ನಿಮ್ಮ ಸಿಮ್ ಒಂದು ಕಂಪನಿಯದು, ಗೆಳೆಯನದು ಇನ್ನೊಂದು ಕಂಪನಿಯದು, ಆದರೂ ಕರೆ ಹೋಗುತ್ತದಲ್ಲ, ಅದೇ ತತ್ತ್ವ. ಮಾರುವವರು ಒಂದೇ ಕಡೆ ನೋಂದಾಯಿಸಿಕೊಂಡರೆ ಸಾಕು. 2012ರಲ್ಲಿ ಯೋಜನೆ ಮುಗಿದಾಗ ಜಾಲ ನಿಂತುಹೋಗದಂತೆ ಅದನ್ನು ನಡೆಸಲು ಲಾಭರಹಿತ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಯೋಜನೆ ಮುಗಿದ ಮೇಲೆ ಮಾನಕವನ್ನು ಸಾಕುವವರು ಯಾರು ಎಂಬುದನ್ನೂ ಮೊದಲೇ ಯೋಚಿಸಬೇಕು ಎಂಬ ಪಾಠ ಇದರಲ್ಲಿದೆ. ಸಿಂಗಪುರ 2019ರಲ್ಲಿ ಇದೇ ಜಾಲದ ಮೇಲೆ ತನ್ನ ವಿದ್ಯುನ್ಮಾನ ಬಿಲ್ಲಿನ ವ್ಯವಸ್ಥೆಯನ್ನು ಆರಂಭಿಸಿತು.

ನಮ್ಮ ದೇಶದಲ್ಲಿ

ಕರ್ನಾಟಕ ಸರ್ಕಾರವು 2007ರಲ್ಲಿ ಎಲ್ಲ ಇಲಾಖೆಗಳಿಗೂ ಒಂದೇ ಇ-ಸಂಗ್ರಹಣಾ ವೇದಿಕೆ ಎಂಬ ಉದ್ದೇಶದಿಂದ ಕೆಲಸ ಆರಂಭಿಸಿತು. ಮುಂದೆ ಹೊಸ ಪೋರ್ಟಲ್ ಬಂತು. ಕೇಂದ್ರದ ಇಲಾಖೆಗಳು ಮತ್ತು ಹಲವು ರಾಜ್ಯಗಳು ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶವನ್ನು ಬಳಸುತ್ತವೆ. ರೈಲ್ವೆಗೆ ತನ್ನದೇ ವ್ಯವಸ್ಥೆ ಇದೆ. 2016ರ ಆಗಸ್ಟಿನಲ್ಲಿ 'ಜೆಮ್' ಎಂಬ ಸರ್ಕಾರಿ ಇ-ಮಾರುಕಟ್ಟೆ ಆರಂಭವಾಯಿತು. ಇ-ಸಂಗ್ರಹಣಾ ವ್ಯವಸ್ಥೆಗಳ ಗುಣಮಟ್ಟ ಮತ್ತು ಸುರಕ್ಷತೆ ಹೇಗಿರಬೇಕು ಎಂಬ ಬಗ್ಗೆ ಕೇಂದ್ರ ಸರ್ಕಾರ 2011ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು.

ಈಗ ಹುಬ್ಬಳ್ಳಿಯ ಒಬ್ಬ ಪೀಠೋಪಕರಣ ತಯಾರಕರನ್ನು ಊಹಿಸಿಕೊಳ್ಳಿ. ಅವರ ಡಿಜಿಟಲ್ ಸಹಿ ಎಲ್ಲ ಕಡೆ ನಡೆಯುತ್ತದೆ, ಏಕೆಂದರೆ ಅದು ಒಂದೇ ಮಾನಕದಂತೆ ಇದೆ. ಆದರೆ ರಾಜ್ಯದ ಇಲಾಖೆಗೆ, ರೈಲ್ವೆಗೆ, ಕೇಂದ್ರದ ಕಚೇರಿಗೆ ಬೆಂಚು ಮಾರಲು ಅವರು ಬೇರೆ ಬೇರೆ ಕಡೆ ನೋಂದಾಯಿಸಿಕೊಂಡು, ಅದೇ ವಿವರಗಳನ್ನು ಬೇರೆ ಬೇರೆ ನಮೂನೆಗಳಲ್ಲಿ ತುಂಬಬೇಕು. ದೊಡ್ಡ ಸಂಸ್ಥೆ ಇದಕ್ಕೆಂದೇ ನೌಕರರನ್ನು ಇಟ್ಟುಕೊಳ್ಳುತ್ತದೆ. ಸಣ್ಣವರು ಬೇಸತ್ತು ಕೈಬಿಡುತ್ತಾರೆ. ಸ್ಪರ್ಧೆ ಕಡಿಮೆಯಾಗುತ್ತದೆ, ದರ ಏರುತ್ತದೆ. ಸಹಿಗೆ ಮಾನಕವಿದ್ದು ನಮೂನೆಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮಾನಕದಿಂದ ಏನು ಸಾಧ್ಯ ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. 2019ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಇ-ಬಿಲ್ಲಿನ ಮಾನಕಕ್ಕೆ ಒಪ್ಪಿಗೆ ನೀಡಿತು. 2020ರ ಅಕ್ಟೋಬರಿನಿಂದ 500 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿನವರಿಗೆ ಅದನ್ನು ಕಡ್ಡಾಯ ಮಾಡಿದರು. ಮಿತಿಯನ್ನು ಹಂತಹಂತವಾಗಿ ಇಳಿಸುತ್ತ 2023ರ ಆಗಸ್ಟಿನಲ್ಲಿ 5 ಕೋಟಿಗೆ ತಂದರು. ಯಾರೂ ಇಂಥದೇ ಲೆಕ್ಕದ ತಂತ್ರಾಂಶ ಕೊಳ್ಳಬೇಕೆಂಬ ಒತ್ತಾಯವಿರಲಿಲ್ಲ. ಬಿಲ್ಲಿನ ರೂಪ ಮಾತ್ರ ಒಂದೇ ಇರಬೇಕಿತ್ತು.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಕನ್ನಡದ ಅಕ್ಷರಗಳು 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಇವೆ. ಆದರೂ ಬಹುಕಾಲ ಕಚೇರಿಗಳಲ್ಲಿ ಬೇರೆ ಬೇರೆ ಸಂಕೇತಗಳ ಅಕ್ಷರವಿನ್ಯಾಸಗಳೇ ಬಳಕೆಯಲ್ಲಿದ್ದವು. ಹಾಗೆ ಬೆರಳಚ್ಚು ಮಾಡಿದ ಟೆಂಡರ್ ಪ್ರಕಟಣೆಯಲ್ಲಿ 'ಬೆಂಚು' ಎಂಬ ಪದವನ್ನು ಹುಡುಕಿದರೆ ಕಂಪ್ಯೂಟರಿಗೆ ಸಿಗುವುದಿಲ್ಲ. ಓದುಗನಿಗೆ ಕನ್ನಡವಾಗಿ ಕಂಡದ್ದು ಯಂತ್ರಕ್ಕೆ ಬರೀ ಗೀಚು. ಖರೀದಿಯ ಮಾಹಿತಿ ಜನರ ಭಾಷೆಯಲ್ಲಿ, ಯಂತ್ರಕ್ಕೂ ತಿಳಿಯುವಂತೆ ಇರಬೇಕಾದರೆ ಅಕ್ಷರದ ಮಾನಕವೂ ಖರೀದಿಯ ಮಾನಕದ ಭಾಗವಾಗಬೇಕು.

ಮಾನಕ ಮಾಡಲಾರದ ಕೆಲಸ

ಮಾನಕ ಎಲ್ಲ ರೋಗಕ್ಕೂ ಮದ್ದಲ್ಲ. ಒಂದೇ ಕಂಪನಿಗೆ ಹೊಂದುವಂತೆ ಷರತ್ತು ಬರೆದರೆ, ಬಿಡ್ಡುದಾರರು ಮೊದಲೇ ಒಳಗೊಳಗೆ ಹೊಂದಾಣಿಕೆ ಮಾಡಿಕೊಂಡರೆ, ಕಡತ ಎಷ್ಟೇ ಕ್ರಮಬದ್ಧವಾಗಿದ್ದರೂ ಅನ್ಯಾಯ ಅನ್ಯಾಯವೇ. ಆದರೆ ಮಾಹಿತಿ ಒಂದೇ ರೂಪದಲ್ಲಿ ಬಹಿರಂಗವಾಗಿದ್ದರೆ ಅನುಮಾನಾಸ್ಪದವಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಪ್ರತಿ ಸಲವೂ ಅದೇ ಮೂವರು ಬಿಡ್ಡು ಹಾಕಿ, ಸರದಿಯಂತೆ ಒಬ್ಬೊಬ್ಬರು ಗೆಲ್ಲುತ್ತಿದ್ದರೆ ಕಂಪ್ಯೂಟರು ಅದನ್ನು ಹೆಕ್ಕಿ ತೋರಿಸಬಲ್ಲದು. ಇದಕ್ಕಾಗಿಯೇ 2014ರಲ್ಲಿ ಮುಕ್ತ ಗುತ್ತಿಗೆ ದತ್ತಾಂಶ ಮಾನಕದ ಮೊದಲ ಆವೃತ್ತಿ ಬಂತು. ಯುಕ್ರೇನ್ ದೇಶ ಅದನ್ನು ಬಳಸಿ 'ಪ್ರೊಝೋರೊ' ಎಂಬ ವ್ಯವಸ್ಥೆ ಕಟ್ಟಿತು. 2016ರಲ್ಲಿ ಅಲ್ಲಿನ ಸರ್ಕಾರಿ ಖರೀದಿಗೆ ಅದು ಕಡ್ಡಾಯವಾಯಿತು. ಎಲ್ಲರೂ ಎಲ್ಲವನ್ನೂ ನೋಡಬಹುದು ಎಂಬುದೇ ಅದರ ಘೋಷವಾಕ್ಯ.

ಆದರೆ ನೋಡುವವರು ಬೇಕಲ್ಲ? ಆ ಕೆಲಸ ನಿಮ್ಮದು. ನಾಳೆ ನಿಮ್ಮಲ್ಲಿ ಕೆಲವರು ತಂತ್ರಾಂಶ ಬರೆಯುತ್ತೀರಿ, ಕೆಲವರು ಅಧಿಕಾರಿಗಳಾಗುತ್ತೀರಿ, ಕೆಲವರು ಸ್ವಂತ ಉದ್ಯಮ ನಡೆಸುತ್ತೀರಿ. ಎಲ್ಲರೂ ತೆರಿಗೆ ಕಟ್ಟುತ್ತೀರಿ.

ಯೋಚಿಸಿ, ಚರ್ಚಿಸಿ

1. ನಿಮ್ಮ ಶಾಲೆ ಅಥವಾ ಕಾಲೇಜಿಗೆ 50 ಬೆಂಚುಗಳು ಬೇಕು. ಯಾವ ಕಂಪನಿಯ ಹೆಸರನ್ನೂ ಹೇಳದೆ ಅದರ ವಿವರಣೆಯನ್ನು ಬರೆಯಿರಿ. ಗೆಳೆಯರೊಬ್ಬರಿಗೆ ಕೊಟ್ಟು ಚಿತ್ರ ಬಿಡಿಸಲು ಹೇಳಿ. ನೀವು ಊಹಿಸಿದ ಬೆಂಚೇ ಬಂತೇ?

2. ಪತ್ರಿಕೆಯಲ್ಲಿ ಬಂದ ಎರಡು ಇಲಾಖೆಗಳ ಟೆಂಡರ್ ಪ್ರಕಟಣೆಗಳನ್ನು ಹೋಲಿಸಿ. ಯಾವ ಮಾಹಿತಿ ಎರಡರಲ್ಲೂ ಇದೆ? ಯಾವುದು ಒಂದರಲ್ಲಿ ಮಾತ್ರ ಇದೆ?

3. ಬಿಡ್ಡುಗಳ ದರವನ್ನು ಗಡುವಿನವರೆಗೆ ಗುಟ್ಟಾಗಿಡಬೇಕು, ಆಮೇಲೆ ಬಹಿರಂಗಪಡಿಸಬೇಕು. ಎರಡೂ ಏಕೆ ಅಗತ್ಯ?

4. ಮಾನಕ ರೂಪಿಸುವ ಸಮಿತಿಗೆ ನೀವು ಅಧ್ಯಕ್ಷರಾದರೆ ಯಾರು ಯಾರನ್ನು ಕರೆಯುತ್ತೀರಿ? ಯಾರನ್ನು ಕರೆಯಲು ಮರೆತರೆ ಹೆಚ್ಚು ನಷ್ಟ?

ನಿಮ್ಮ ಉತ್ತರಗಳನ್ನು ತರಗತಿಯಲ್ಲಿ ಮಂಡಿಸಿ, ಅಧ್ಯಾಪಕರೊಡನೆ ಚರ್ಚಿಸಿ. ಒಬ್ಬರು ಇಲಾಖೆಯ ಪರವಾಗಿಯೂ ಇನ್ನೊಬ್ಬರು ಸಣ್ಣ ತಯಾರಕರ ಪರವಾಗಿಯೂ ಮಾತನಾಡಿದರೆ ಚರ್ಚೆ ಇನ್ನಷ್ಟು ಫಲಕಾರಿಯಾದೀತು.